ಭಟ್ಟಿಯ ಬಾಗಿಲು ಮುಚ್ಚಿದ ಮೇಲೆ

ಮನಸ್ಸಿನಲ್ಲಿ ಮಂಡಿಗೆ ತಿನ್ನುವವರನ್ನು ಕುರಿತು ನಮ್ಮ ಜನ ಆಡುವ ಮಾತಿನಲ್ಲಿ ತುಸು ಅಪಹಾಸ್ಯವಿದೆಯಾದರೂ, ಓವನ್ನಿಲ್ಲದ ಮನೆಯಲ್ಲಿ ಕುಳಿತು ಕೇಕು, ಬಿಸ್ಕತ್ತು, ಬ್ರೆಡ್ಡುಗಳ ಪುಸ್ತಕಗಳನ್ನು ಪುಟ ಮಗುಚಿ ಓದುವ ಹವ್ಯಾಸಕ್ಕೆ ಅದಕ್ಕಿಂತ ಸಮರ್ಪಕವಾದ ವರ್ಣನೆ ನನಗಂತೂ ಹೊಳೆಯದು. ಬೆಣ್ಣೆ ಸವರಿದ ತಟ್ಟೆ, ಹೊಂಬಣ್ಣಕ್ಕೆ ತಿರುಗಿದ ಮೇಲ್ಪದರ, ಸಕ್ಕರೆಯ ಗುಲಾಬಿ, ಇವೆಲ್ಲವೂ ನುಣುಪು ಕಾಗದದ ಮೇಲೆ ಅಚ್ಚಾಗಿ, ಓದುಗನ ನಾಲಗೆಯನ್ನು ಕೆಣಕಿ, ಕಡೆಗೆ ಅವನನ್ನು ಜೋಳದ ರೊಟ್ಟಿ, ಪುಂಡಿಪಲ್ಯದ ತಾಟಿಗೇ ಮರಳಿ ಕಳುಹಿಸಿಬಿಡುತ್ತವೆ. ಈ ಜಾತಿಯ ಗ್ರಂಥಗಳು ಪಾಕವಿಧಾನದ ಎಲ್ಲೆಯನ್ನು ದಾಟಿ, ಒಂದು ಕಡೆ ಕೇಕನ್ನು ಸಿಂಗರಿಸುವ ಕಲೆಯ ಸಚಿತ್ರ ಕೈಪಿಡಿಗಳಾಗಿಯೂ, ಇನ್ನೊಂದು ಕಡೆ ಬೇಕರಿಯ ಹಿತ್ತಲಲ್ಲಿ ಹೆಣ ಬೀಳುವ ಪತ್ತೇದಾರಿ ಕಾದಂಬರಿಗಳಾಗಿಯೂ ಕವಲೊಡೆದು ಬೆಳೆದಿವೆಯೆಂದಮೇಲೆ, ಇವುಗಳ ಆಕರ್ಷಣೆಯ ಮೂಲ ಯಾವುದೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಸೇಡಂ ತಾಲ್ಲೂಕಿನ ಕೋಡ್ಲಾದಂಥ ಊರಿನಲ್ಲಿ ನಿಂತು ಈ ವಿಚಾರವನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಈ ಸೀಮೆಯಲ್ಲಿ ದೊಡ್ಡ ಒಲೆಯೆಂದರೆ ಸಿಮೆಂಟಿನ ಒಲೆ. ಕೋಡ್ಲಾ, ಮಳಖೇಡ, ವಾಡಿಗಳ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲಿನ ಪುಡಿಯು ಸುತ್ತುವ ಉಕ್ಕಿನ ಕೊಳವೆಯೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವನ್ನುಂಡು ಕ್ಲಿಂಕರ್ ಆಗಿ ಹೊರಬೀಳುವುದನ್ನು ಬಲ್ಲ ಜನಕ್ಕೆ, ಕೇಕು ಬೇಯುವ 180 ಡಿಗ್ರಿಯು ನಮ್ಮ ವೈಶಾಖದ ಬಿಸಿಲಿಗಿಂತ ಅಷ್ಟೇನೂ ಮೇಲಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಎರಡು ಒಲೆಗಳಿಗೂ ಸಮಾನವಾದ ಧರ್ಮವೊಂದುಂಟು: ಒಳಗೆ ಹೋದ ಪದಾರ್ಥವನ್ನು ಮತ್ತೆ ಕೈಯಿಂದ ಮುಟ್ಟಿ ತಿದ್ದುವಂತಿಲ್ಲ, ಆದಕಾರಣ ಮಾಡತಕ್ಕ ಲೆಕ್ಕವನ್ನೆಲ್ಲ ಬಾಗಿಲು ಮುಚ್ಚುವ ಮೊದಲೇ ಮಾಡಿರಬೇಕು.

ಹಂಚಿನ ಅಡುಗೆಯ ನ್ಯಾಯವೇ ಬೇರೆ. ಜೋಳದ ಹಿಟ್ಟಿನಲ್ಲಿ ಗೋಧಿಗಿರುವ ಗ್ಲೂಟನ್ನಿನ ಬಂಧವಿಲ್ಲ. ಆದುದರಿಂದ ನಮ್ಮ ಹೆಣ್ಣುಮಕ್ಕಳು ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಹೊಯ್ದು, ಆ ಬಿಸಿಗೆ ಪಿಷ್ಟವು ಜಿಗುಟಾಗುವಂತೆ ಮಾಡಿ, ಅಂಗೈಯಿಂದ ಒತ್ತಿ ಒತ್ತಿ ನಾದುವರು. ಹಿಟ್ಟು ಹಳತಾಗಿ ಜಿಗಿ ಕಡಿಮೆಯಾಗಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಬಿರಿದುದನ್ನು ಕಂಡೊಡನೆ ನೀರು ಚಿಮುಕಿಸಿ ಮತ್ತೆ ನಾದುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಕೆಂಡಕ್ಕೊಡ್ಡಿ ಉಬ್ಬಿಸುವ ತನಕ ಕಣ್ಣೂ ಕೈಯೂ ಆ ರೊಟ್ಟಿಯನ್ನು ತಿದ್ದುತ್ತಲೇ ಇರುತ್ತವೆ. ಇಂಥ ಅಡುಗೆಗೆ ಲಿಖಿತವಾದ ಪ್ರಮಾಣದ ಅವಶ್ಯಕತೆಯೇ ಇಲ್ಲ. ಹಿಡಿಸಿದಷ್ಟು ನೀರು, ರುಚಿಗೆ ತಕ್ಕಷ್ಟು ಉಪ್ಪು ಎಂದು ಹೇಳಿದರೆ ಶಾಸ್ತ್ರ ಸಂಪೂರ್ಣವಾಯಿತು. ಕೇಕಿನಲ್ಲಿ ಹಾಗಲ್ಲ. ಸೋಡಾವು ತೇವ ಮತ್ತು ಹುಳಿಯ ಸಂಪರ್ಕದಿಂದ ಬಿಡುವ ಅನಿಲದ ಗುಳ್ಳೆಗಳು ಕಾವಿಗೆ ಹಿಗ್ಗುವುದಕ್ಕೂ, ಅವುಗಳನ್ನು ಸುತ್ತುವರಿದ ಹಿಟ್ಟಿನ ಮತ್ತು ಮೊಟ್ಟೆಯ ಸತ್ತ್ವ ಗಟ್ಟಿಯಾಗಿ ನಿಲ್ಲುವುದಕ್ಕೂ ಕಾಲ ಕೂಡಿಬರಬೇಕು. ಸೋಡಾ ಹೆಚ್ಚಾದರೆ ಬೇಗನೆ ಉಬ್ಬಿ ನಡುವೆ ಕುಸಿದು ಸಾಬೂನಿನ ರುಚಿ ಬರುವುದು, ಕಡಿಮೆಯಾದರೆ ಕಲ್ಲಾಗುವುದು. ಆತುರಕ್ಕೆ ಬಾಗಿಲು ತೆರೆದು ಇಣುಕಿದರೆ ಒಳಗಿನ ಕಾವಿಳಿದು ಇದ್ದುದೂ ಕೆಡುವುದು. ಬೇಯಿಸುವವನ ಕೈ ಎಲ್ಲಿ ನಿಲ್ಲುವುದೋ ಅಲ್ಲಿಂದ ಮುಂದಕ್ಕೆ ಪುಸ್ತಕವೇ ಕೈಯಾಗಬೇಕಾದ್ದರಿಂದ, ಬೇಕಿಂಗಿನ ಪುಸ್ತಕವು ಇತರ ಪಾಕಗ್ರಂಥಗಳಿಗಿಲ್ಲದ ಅಧಿಕಾರವೊಂದನ್ನು ಪಡೆದಿದೆಯೆಂಬುದು ನನ್ನ ಅಭಿಪ್ರಾಯ.

ಹಾಗೆಂದು ನಮ್ಮ ನಾಡಿನಲ್ಲಿ ಪಾಕವನ್ನು ಬರೆದಿಡುವ ಪರಂಪರೆ ಇರಲಿಲ್ಲವೆಂದು ತಿಳಿದರೆ ಅದು ತೀರ ತಪ್ಪು. ಕೋಡ್ಲಾ ಇರುವ ತಾಲ್ಲೂಕಿನಲ್ಲಿಯೇ, ಕಾಗಿಣಾ ತೀರದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದು, ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿಯೇ ಹುಟ್ಟಿತು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುವುದನ್ನು ಇಂದು ಹೋಟೆಲಿನ ಮಾಣಿಗಳೂ ಬಲ್ಲರು. ರಾಷ್ಟ್ರಕೂಟರ ಬಳಿಕ ಬಂದ ಚಾಲುಕ್ಯರ ಆಶ್ರಯದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ಬಾವಿ ತೋಡುವುದರಿಂದ ಹಿಡಿದು ಸುಗಂಧದ್ರವ್ಯಗಳವರೆಗೆ ಗೃಹಸ್ಥನಿಗೆ ಬೇಕಾದ ವಿದ್ಯೆಗಳನ್ನೆಲ್ಲ ಹೇಳುತ್ತ, ಅಡುಗೆಗೂ ಒಂದು ಸ್ಥಾನವನ್ನು ಕೊಟ್ಟಿದೆ. ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ, ಗೋಧಿಯ ಕಣಕವನ್ನು ಕೈಯಲ್ಲಿ ಹಿಗ್ಗಿಸಿ, ಉರಿಯ ಮೇಲೆ ಬೋರಲಾಗಿರಿಸಿದ ಮಡಕೆಯ ಬೆನ್ನಿಗೆ ಹಾಸಿ ಬೇಯಿಸುವ ಮಂಡಕದ ವಿವರವಿದೆ. ಬೆಳಗಾವಿಯ ಮಂಡಿಗೆಯನ್ನು ಮಾಡುವವರ ಕೈ ಇಂದಿಗೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆಯುತ್ತದೆ.

ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮೂರನೆಯ ಮಂಗರಸನ ಸೂಪಶಾಸ್ತ್ರ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಕಲ್ಲಹಳ್ಳಿಯ ಈ ಪ್ರಭುಕವಿಯು ಜೈನಕಾವ್ಯಗಳನ್ನು ಬರೆದ ಕೈಯಿಂದಲೇ ಅಡುಗೆಯನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆದನೆಂಬುದೇ ಒಂದು ಸೊಗಸು. ಅದರಲ್ಲಿಯೂ ಮೊದಲ ಸ್ಥಾನ ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನ ಭಕ್ಷ್ಯಗಳಿಗೆ, ಸಂದಿರುವುದು ಇನ್ನೊಂದು. ಅವನು ಹೇಳುವ ರೊಟ್ಟಿಗಳ ಪೈಕಿ ಮುಚ್ಚಳ ರೊಟ್ಟಿಯೆಂಬುದು ಕೆಳಗೂ ಕೆಂಡ, ಮೇಲಿನ ಮುಚ್ಚಳದ ಮೇಲೆಯೂ ಕೆಂಡವಿರಿಸಿ ಬೇಯಿಸತಕ್ಕದ್ದು. ಇದು ಓವನ್ನಲ್ಲದೆ ಮತ್ತೇನು? ಹಳ್ಳಿಯ ಮನೆಗಳಲ್ಲಿ ಪಾತ್ರೆಯ ತಳಕ್ಕೆ ಮರಳು ಹಾಸಿ, ಒಳಗೆ ಡಬ್ಬಿಯನ್ನಿರಿಸಿ, ಮುಚ್ಚಳದ ಮೇಲೆ ಕೆಂಡ ಹರಡಿ ಮಕ್ಕಳಿಗಾಗಿ ಕೇಕು ಮಾಡುತ್ತಿದ್ದವರೂ, ಇಂದು ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿಟ್ಟು ಅದೇ ಮರಳಿನ ಮೇಲೆ ಅದೇ ಸಾಹಸವನ್ನು ಮಾಡುವವರೂ ಮಂಗರಸನ ಹೆಸರನ್ನು ಕೇಳಿರಲಿಕ್ಕಿಲ್ಲ, ಆದರೆ ಅವನ ಕುಲದವರೇ. ಷಟ್ಪದಿಯ ತೊಡಕೆಂದರೆ ಅದು ಅಳತೆಯನ್ನು ಸಹಿಸದು. ಪ್ರಾಸವೂ ಮಾತ್ರೆಯೂ ಸರಿಬಂದ ಪದ್ಯದಲ್ಲಿ ಇಷ್ಟು ತೊಲ, ಇಷ್ಟು ಗಳಿಗೆ ಎಂದು ಪ್ರತಿ ಸಲವೂ ನಿಖರವಾಗಿ ತುಂಬುವುದು ಎಂಥ ಪ್ರೌಢಕವಿಗೂ ಕಷ್ಟವೇ. ಪದಾರ್ಥಗಳ ಪಟ್ಟಿಯನ್ನು ಮೊದಲೇ ಕೊಡುವುದಂತೂ ಆಗದ ಮಾತು. ಆದಕಾರಣ ಸೂಪಶಾಸ್ತ್ರವನ್ನು ಓದಿ ಅಡುಗೆ ಕಲಿಯುವುದಕ್ಕಿಂತ, ಅಡುಗೆ ಬಲ್ಲವನು ಅದನ್ನು ಓದಿ ತಲೆದೂಗುವುದೇ ಸಹಜ.

ಆ ಪಟ್ಟಿ ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲದ ಮೇಲೆ ಬಂದಿತು. ಇಂಗ್ಲೆಂಡಿನ ಎಲಿಜಾ ಆ್ಯಕ್ಟನ್ 1845ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪದಾರ್ಥಗಳನ್ನು ಪಾಕದ ಕೊನೆಗೆ ಬೇರೆಯಾಗಿ ಎಣಿಸಿಟ್ಟಳು. 1861ರಲ್ಲಿ ಇಸಾಬೆಲಾ ಬೀಟನ್ ಅದನ್ನು ತಲೆಗೇ ತಂದಳು. 1896ರಲ್ಲಿ ಬೋಸ್ಟನ್ನಿನ ಫ್ಯಾನಿ ಫಾರ್ಮರ್ ಕಪ್ಪು, ಚಮಚಗಳನ್ನು ಮಟ್ಟಸವಾಗಿ ಸವರಿ ಅಳೆಯಬೇಕೆಂದು ವಿಧಿಸಿದಳು. ಅಮೆರಿಕದವರು ಹಿಟ್ಟನ್ನು ತೂಗದೆ ಕಪ್ಪಿನಿಂದ ಅಳೆಯುವ ಚಾಳಿಗೆ ಆಕೆಯೇ ಬಹುಮಟ್ಟಿಗೆ ಹೊಣೆ. ನಮ್ಮ ಚಹಾದ ಕಪ್ಪಿನಿಂದ ಅವರ ಕಪ್ಪನ್ನು ಅನುಸರಿಸಹೊರಟವರ ಗತಿಯನ್ನು ಹೇಳಬೇಕಾಗಿಲ್ಲ. ಆ ಪುಸ್ತಕಗಳ 350 ಡಿಗ್ರಿಯೂ ಫ್ಯಾರನ್‌ಹೀಟಿನದು, ನಮ್ಮ ಲೆಕ್ಕಕ್ಕೆ ಸುಮಾರು 177 ಸೆಲ್ಸಿಯಸ್. ಇದನ್ನರಿಯದೆ ಓವನ್ನಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ ಗೃಹಿಣಿಯ ಅಡುಗೆಮನೆಯಲ್ಲಿ ಹೊಗೆಯೆದ್ದರೆ ದೋಷ ಆಕೆಯದಲ್ಲ.

ಇಷ್ಟೆಲ್ಲ ಹೇಳಿದರೂ, ಕರ್ನಾಟಕದಲ್ಲಿ ಬೇಕರಿಯ ವಿದ್ಯೆ ಪುಸ್ತಕದಿಂದ ಹರಡಲಿಲ್ಲವೆಂಬ ಸತ್ಯವನ್ನು ಮರೆಮಾಚಲಾಗದು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದ ಮೇಲೆ, ಹಾಸನದ ಕಡೆಯ ನಂಟರೂ ಇಷ್ಟರೂ ಒಬ್ಬರ ಹಿಂದೊಬ್ಬರು ಬಂದು, ಕೆಲಸ ಕಲಿತು, ಮುಂದಿನ ಬೀದಿಗೆ ಹೋಗಿ ಇನ್ನೊಂದು ಅಯ್ಯಂಗಾರ್ ಬೇಕರಿಯನ್ನು ತೆರೆದರು. ಅವರ ಖಾರದ ಬನ್ನಿಗೆ ಯಾವ ಗ್ರಂಥದ ಆಧಾರವೂ ಇಲ್ಲ. ನಮ್ಮ ಕಡೆಗೆ ಆ ಗಾಳಿ ದಕ್ಷಿಣದಿಂದಲ್ಲ, ಪೂರ್ವದಿಂದ ಬೀಸಿತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಹೊರಟಂದಿನಿಂದ, 1948ರಲ್ಲಿ ನಿಜಾಮರ ಆಡಳಿತ ಮುಗಿಯುವ ತನಕ, ಹಾಗೂ ಆ ಬಳಿಕವೂ, ಚಿತ್ತಾಪುರ, ಶಹಾಬಾದ್, ಸೇಡಂಗಳ ನಾಲಗೆಗೆ ಹೈದರಾಬಾದೇ ಹಿರಿಯಣ್ಣ. ಖಾರಿ, ಟೋಸ್ಟು, ಉಸ್ಮಾನಿಯಾ ಬಿಸ್ಕತ್ತು, ನಾನ್‌ಖಟಾಯಿಗಳಲ್ಲಿ ಆ ನಂಟಿನ ರುಚಿ ಇನ್ನೂ ಉಳಿದಿದೆ.

ಸೌದೆಯ ಭಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇಟ್ಟಿಗೆಯ ಕಮಾನಿನೊಳಗೆ ಕಟ್ಟಿಗೆಯನ್ನು ಗಂಟೆಗಟ್ಟಲೆ ಉರಿಸಿ, ಕೆಂಡವನ್ನು ಎಳೆದು ಬದಿಗೊತ್ತಿ, ಒದ್ದೆ ಗೋಣಿಯಿಂದ ನೆಲವನ್ನೊರಸಿದ ಮೇಲೆ, ಮುಂದೆ ಬೆಂಕಿಯಿಲ್ಲ, ಕಲ್ಲು ಕುಡಿದ ಕಾವಷ್ಟೇ ಬಂಡವಾಳ. ಭಟ್ಟಿಯವನು ಒಂದು ಚಿಟಿಕೆ ಮೈದಾವನ್ನು ಒಳಗೆಸೆದು ಅದು ಕಂದುವ ವೇಗದಿಂದ ಕಾವನ್ನಳೆಯುತ್ತಾನೆ. ಉಷ್ಣತಾಮಾಪಕದ ಹಂಗು ಅವನಿಗಿಲ್ಲ. ತೀವ್ರವಾದ ಮೊದಲ ಕಾವಿಗೆ ಬ್ರೆಡ್ಡು, ಬನ್ನು. ಅದು ತುಸು ಇಳಿದಾಗ ಕೇಕು, ಬಿಸ್ಕತ್ತು. ಕಟ್ಟಕಡೆಗೆ ಆರುತ್ತಿರುವ ಭಟ್ಟಿಯಲ್ಲಿ ಹಿಂದಿನ ದಿನದ ಬ್ರೆಡ್ಡಿನ ಚೂರುಗಳು ಒಣಗಿ ಟೋಸ್ಟಾಗುತ್ತವೆ, ನಮ್ಮ ಖಡಕ್ ರೊಟ್ಟಿಯಂತೆ ನೀರಿನಂಶವನ್ನು ಕಳೆದುಕೊಂಡು ವಾರಗಟ್ಟಲೆ ಬಾಳುತ್ತವೆ. ಹಬ್ಬಕ್ಕೂ ಮದುವೆಗೂ ಮನೆಯವರೇ ಮೈದಾ, ಸಕ್ಕರೆ, ಡಾಲ್ಡಾ ಇಲ್ಲವೆ ತುಪ್ಪವನ್ನು ತೂಗಿ ತಂದು ಕೊಟ್ಟು, ಮಜೂರಿ ತೆತ್ತು, ಡಬ್ಬಿಗಟ್ಟಲೆ ನಾನ್‌ಖಟಾಯಿಯನ್ನು ಮಾಡಿಸಿಕೊಂಡು ಹೋಗುವ ಪದ್ಧತಿಯಲ್ಲಿ, ಗಮನಿಸಿದರೆ, ಬೇಕಿಂಗಿನ ಪುಸ್ತಕದ ಅರ್ಧಭಾಗ ಅಡಗಿದೆ: ಅಳತೆ ಮನೆಯವಳದು, ಕಾವು ಭಟ್ಟಿಯವನದು. ಆಕೆಯ ಲೆಕ್ಕ ಬಾಯಿಪಾಠ, ಅವನ ಲೆಕ್ಕ ಕಣ್ಣಂದಾಜು. ಎರಡನ್ನೂ ಒಂದೆಡೆ ಬರೆದಿಟ್ಟ ಕನ್ನಡ ಪುಸ್ತಕವನ್ನು ನಾನು ಕಂಡಿಲ್ಲ.

ಕೇಕನ್ನು ಸಿಂಗರಿಸುವ ಕೈಪಿಡಿಗಳ ವಿಷಯಕ್ಕೆ ಬಂದರೆ, ಅವು ಅಡುಗೆಗಿಂತ ಶಿಲ್ಪಶಾಸ್ತ್ರಕ್ಕೆ ಹತ್ತಿರವಾದ ಗ್ರಂಥಗಳು. ಜೋಸೆಫ್ ಲ್ಯಾಂಬೆತ್ 1934ರಲ್ಲಿ ಹೊರತಂದ ಗ್ರಂಥವು ಈ ವಿದ್ಯೆಯ ಆಕರವೆಂದು ಇಂದಿಗೂ ಗಣ್ಯವಾಗಿದೆ. ಸಕ್ಕರೆಯ ಎಳೆಯ ಮೇಲೆ ಎಳೆ, ಸುರುಳಿಯ ಮೇಲೆ ಸುರುಳಿ ಹೆಣೆದು ಎತ್ತರವನ್ನು ಕಟ್ಟುವ ಅವನ ಪದ್ಧತಿಯನ್ನು ಕಂಡಾಗ ನನಗೆ ನಮ್ಮ ಕಲ್ಯಾಣ ಚಾಲುಕ್ಯರ ಗುಡಿಗಳ ಬಾಗಿಲುವಾಡದ ಪಟ್ಟಿಕೆಗಳು ನೆನಪಾಗುತ್ತವೆ. ಆದರೆ ಈ ಗ್ರಂಥಗಳೆಲ್ಲವೂ ಒಂದು ವಿಷಯದಲ್ಲಿ ನಮ್ಮನ್ನು ಮೋಸಗೊಳಿಸುತ್ತವೆ. ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆಯನ್ನು ತೆಗೆದುಕೊಳ್ಳಿರಿ ಎಂದು ಅವು ನಿರಾತಂಕವಾಗಿ ಅಪ್ಪಣೆ ಕೊಡಿಸುತ್ತವೆ. ಯಾರ ಕೋಣೆ? ಬರೆದವರ ಕೋಣೆ 20 ಡಿಗ್ರಿಯದು. ಅಲ್ಲಿ ಬೆಣ್ಣೆಯು ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆದುವಾಗಿ, ಸಕ್ಕರೆಯೊಡನೆ ಕಡೆದಾಗ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿಂಚೋಳಿಯಲ್ಲಾಗಲಿ ಶಹಾಬಾದಿನಲ್ಲಾಗಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ದಾಟಿ, ಹಾಸುಗಲ್ಲಿನ ಮಾಳಿಗೆಯ ಕೆಳಗಿನ ಕೋಣೆಯೂ ಕಾದಿರುವಾಗ, 35 ಡಿಗ್ರಿಯೊಳಗೇ ಕರಗತಕ್ಕ ಬೆಣ್ಣೆಯು ಕೋಣೆಯ ಉಷ್ಣತೆಯಲ್ಲಿ ಬೆಣ್ಣೆಯಾಗಿಯೇ ಉಳಿದಿರುವುದಿಲ್ಲ. ಅದರಿಂದ ಮಾಡಿದ ಗುಲಾಬಿ ದಳ ಬಿಚ್ಚುವ ಮೊದಲೇ ಕೇಕಿನ ಪಕ್ಕೆಯ ಮೇಲೆ ಇಳಿಯತೊಡಗುತ್ತದೆ. ನಮ್ಮ ಬೇಕರಿಗಳಲ್ಲಿ ಬೆಣ್ಣೆಯ ಬದಲು ಡಾಲ್ಡಾವೂ ಕ್ರೀಮಿನ ಹೆಸರಿನ ಸಸ್ಯಜನ್ಯ ನೊರೆಯೂ ನೆಲೆಯೂರಿರುವುದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ, ಈ ಬಿಸಿಲೂ ಕಾರಣ. ರುಚಿಯ ದೃಷ್ಟಿಯಿಂದ ಆ ನೊರೆಯನ್ನು ನಾನು ಸಮರ್ಥಿಸಲಾರೆ.

ಇನ್ನೊಂದು ಕೊರತೆಯೂ ಉಂಟು. ಇದನ್ನು ಬೇಕರಿಯ ಗಲ್ಲೆಯ ಮುಂದೆ ನಿಂತವರೆಲ್ಲ ಕಂಡಿರಬೇಕು. ಕೇಕಿನ ಮೇಲೆ ಹೆಸರು ಬರೆಯುವ ಅಧ್ಯಾಯದಲ್ಲಿ ಎಲ್ಲ ಪುಸ್ತಕಗಳೂ ಇಂಗ್ಲಿಷಿನ ಕೂಡಕ್ಷರವನ್ನೇ ಕಲಿಸುತ್ತವೆ, ಕೋನನ್ನು ಎತ್ತದೆ ಒಂದೇ ಎಳೆಯಲ್ಲಿ ಮುಗಿಸುವ ಬರಹವದು. ಕನ್ನಡದ ಅಕ್ಷರವು ದುಂಡಗಿರುವುದರಿಂದ ಸಕ್ಕರೆಯ ಎಳೆಗೆ ಒಗ್ಗುವಂಥದೇ. ಅಡಚಣೆ ಇರುವುದು ತಲೆಕಟ್ಟು ಮತ್ತು ಒತ್ತಕ್ಷರಗಳಲ್ಲಿ. ಹುಟ್ಟುಹಬ್ಬ ಎಂಬಷ್ಟನ್ನೇ ಬರೆಯಹೊರಟರೂ ಎರಡು ಕಡೆ ಕೋನನ್ನೆತ್ತಿ ಸಾಲಿನ ಕೆಳಗಿಳಿದು ಒತ್ತು ಕೊಡಬೇಕು, ಆ ಒತ್ತು ಕೆಳಗಿನ ಸಾಲಿನ ಮಗುವಿನ ಹೆಸರಿಗೆ ತಾಗದಂತೆ ಮೊದಲೇ ಜಾಗವನ್ನು ಬಿಟ್ಟಿರಬೇಕು. ಮಗುವಿನ ಹೆಸರು ಲಕ್ಷ್ಮಿಯೋ ಕೃಷ್ಣನೋ ಆಗಿದ್ದರೆ ದೇವರೇ ಗತಿ. ಆದಕಾರಣ ಹುಡುಗರು ತೆಪ್ಪಗೆ ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಫಲಕಗಳ ಮೇಲೆ ಕನ್ನಡವಿಲ್ಲವೆಂದು ಹೋರಾಡುವವರು ಕೇಕುಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. ನಾಲ್ಕು ಪುಟಗಳಲ್ಲಿ ಒತ್ತಕ್ಷರದ ಅಭ್ಯಾಸವನ್ನು ಬರೆದು, ಯಾವ ಅಕ್ಷರಕ್ಕೆ ಯಾವ ತೂತಿನ ನಾಝಲ್ ತಕ್ಕದ್ದೆಂದು ತಿಳಿಸಿದರೆ ಸಾಕು, ಹೋರಾಟದ ಅರ್ಧ ಗೆದ್ದಂತೆ.

ಇನ್ನು ಕೊಲೆಯ ವಿಚಾರ. ಬೇಕರಿಯೂ ಹೆಣವೂ ಒಂದೇ ಪುಸ್ತಕದಲ್ಲಿ ಸೇರುವುದು ಅರುಚಿಕರವೆಂದು ಮೇಲುನೋಟಕ್ಕೆ ತೋರುತ್ತದೆ. ಅಗಾಥಾ ಕ್ರಿಸ್ಟಿಯ 1950ರ ಕಾದಂಬರಿಯಾದ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ನಲ್ಲಿ ಮಿಟ್ಜಿ ಎಂಬ ಅಡುಗೆಯವಳು ಹುಟ್ಟುಹಬ್ಬಕ್ಕೆ ಮಾಡುವ ಚಾಕೊಲೇಟ್ ಕೇಕಿಗೆ ಆ ಮನೆಯವರು ಇಟ್ಟಿರುವ ಅಡ್ಡಹೆಸರೇ ‘ಸವಿಯಾದ ಸಾವು’. ಆದರೆ ಕ್ರಿಸ್ಟಿಯಲ್ಲಿ ಕೇಕು ಕಥೆಯ ಒಂದು ಅಲಂಕಾರವಷ್ಟೆ. ಕೇಕನ್ನೇ ಕಥೆಯ ನಡುಮನೆಗೆ ತಂದು, ಅಧ್ಯಾಯಗಳ ನಡುವೆ ಅಳತೆಸಹಿತವಾದ ಪಾಕವಿಧಾನವನ್ನು ಅಚ್ಚುಹಾಕಿ, ಆ ಜಾತಿಗೊಂದು ದೊಡ್ಡ ಪೇಟೆಯನ್ನು ಕಟ್ಟಿದವರಲ್ಲಿ ಅಮೆರಿಕದ ಜೋಆ್ಯನ್ ಫ್ಲೂಕ್ ಪ್ರಮುಖಳು. 2000ದಲ್ಲಿ ಬಂದ ‘ಚಾಕೊಲೇಟ್ ಚಿಪ್ ಕುಕಿ ಮರ್ಡರ್’ನಲ್ಲಿ ಮಿನೆಸೋಟದ ಲೇಕ್ ಈಡನ್ ಎಂಬ ಕಲ್ಪಿತ ಊರಿನ ಹ್ಯಾನಾ ಸ್ವೆನ್ಸನ್, ತನ್ನ ‘ಕುಕಿ ಜಾರ್’ ಅಂಗಡಿಯ ಹಿಂದೆ ಹಾಲಿನ ವ್ಯಾನಿನವನು ಕೊಲೆಯಾಗಿ ಬಿದ್ದಿರುವುದನ್ನು ಕಂಡು, ಒಂದು ಕೈಯಲ್ಲಿ ಹಿಟ್ಟು ಕಲಸುತ್ತ ಇನ್ನೊಂದು ಕೈಯಲ್ಲಿ ಪತ್ತೇದಾರಿಕೆ ನಡೆಸುತ್ತಾಳೆ. ಆ ಸರಣಿ ಹತ್ತಾರು ಸಂಪುಟಗಳಷ್ಟು ಬೆಳೆದಿದೆ. ಅಷ್ಟು ಚಿಕ್ಕ ಊರಿನಲ್ಲಿ ಅಷ್ಟು ಕೊಲೆಗಳಾದ ಮೇಲೂ ಅಂಗಡಿಗೆ ಗಿರಾಕಿಗಳು ಹೇಗೆ ಉಳಿದರೆಂಬುದೇ ನನಗೆ ಅತಿದೊಡ್ಡ ರಹಸ್ಯ.

ಈ ಕಥೆಗಳನ್ನು ಘನಸಾಹಿತ್ಯವೆಂದು ಯಾರೂ ಹೇಳರು. ಸತ್ತವನಿಗಾಗಿ ಇವುಗಳಲ್ಲಿ ಯಾರೂ ಮನಸಾರೆ ಅಳುವುದಿಲ್ಲ, ಅದೇ ಇವುಗಳ ದೊಡ್ಡ ದೋಷ. ಆದರೂ ಪಾಕವಿಧಾನಕ್ಕೂ ಪತ್ತೇದಾರಿ ಕಥೆಗೂ ನಂಟು ಬೆಳೆದುದು ಆಕಸ್ಮಿಕವಲ್ಲ. ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ವಿಧಿಗಳನ್ನು ಹಾಕಿದಾಗ, ಪತ್ತೇದಾರನಿಗೆ ದೊರೆತ ಸುಳಿವು ಓದುಗನಿಗೂ ಆ ಕ್ಷಣವೇ ದೊರೆಯಬೇಕೆಂಬುದು ಅವುಗಳಲ್ಲೊಂದಾಗಿತ್ತು. ಬೀಟನ್ ಪಾಕದ ತಲೆಗೆ ತಂದ ಪಟ್ಟಿಯದೂ ಇದೇ ನೀತಿ: ಬೇಕಾದುದೆಲ್ಲವೂ ಮೊದಲೇ ಮೇಜಿನ ಮೇಲಿರಬೇಕು, ನಡುವೆ ತಟಕ್ಕನೆ ಹೊಸ ಪದಾರ್ಥವೊಂದು ತಲೆಹಾಕಬಾರದು, ಕೊನೆಗೆ ಹೊರಬಂದುದು ಮೊದಲು ಹಾಕಿದುದರಿಂದಲೇ ಆಗಿರಬೇಕು. ಬಾಗಿಲು ಮುಚ್ಚಿದ ಓವನ್ನಿನ ಮುಂದೆ ಕುಳಿತವಳಿಗೂ ಕೊನೆಯ ಅಧ್ಯಾಯದ ಹಿಂದಿನ ಪುಟದಲ್ಲಿರುವ ಓದುಗನಿಗೂ ಇರತಕ್ಕ ಕಾತರ ಒಂದೇ ಆಗಿರುವುದರಿಂದ, ಪ್ರಕಾಶಕರು ಅವರಿಬ್ಬರನ್ನೂ ಒಬ್ಬಳೇ ಗಿರಾಕಿಯನ್ನಾಗಿ ಮಾಡಿಕೊಂಡಿರುವರು.

ಕನ್ನಡದಲ್ಲಿ ಪತ್ತೇದಾರಿಯ ಬೆಳೆಗೆ ಬರವಿರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ ಎನ್. ನರಸಿಂಹಯ್ಯನವರು (1925–2011) ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಶಾಲೆಯ ಪಾಠದ ಹೊರಗೆ ಕನ್ನಡದ ಓದನ್ನು ಒಂದು ಇಡೀ ತಲೆಮಾರಿಗೆ ಹಿಡಿಸಿದರು. ಪುರುಷೋತ್ತಮನ ಜೇಬಿನಲ್ಲಿ ನಾನ್‌ಖಟಾಯಿಯ ಅಳತೆ ಇರಲಿಲ್ಲವೆಂಬುದಷ್ಟೆ ಕೊರತೆ. ವಾಡಿ ಜಂಕ್ಷನ್ನಿನ ಮಗ್ಗುಲಲ್ಲಿ ಒಂದು ಭಟ್ಟಿ, ನಸುಕಿನ ಗಾಡಿಗೆ ಬನ್ನು ಒಯ್ಯಬೇಕಾದ ಹುಡುಗ ನಾಪತ್ತೆ, ತಿದಿಯಂತೆ ಉಸಿರಾಡುವ ಯಜಮಾನ, ಹಬ್ಬದ ಹಿಟ್ಟು ತಂದು ಸಾಲಿನಲ್ಲಿ ನಿಂತಿರುವ ಹೆಂಗಸರು. ಇಷ್ಟು ಸಾಮಗ್ರಿ ಸಿದ್ಧವಿರುವಾಗ ನಮ್ಮ ಲೇಖಕರಲ್ಲೊಬ್ಬರು ಏಕೆ ಕೈಹಚ್ಚಬಾರದು? ನಡುನಡುವೆ ಖಾರಿಯ ಮಡಿಕೆಯನ್ನೂ, ಮರಳು ಹಾಸಿದ ಕುಕ್ಕರಿನ ಕೇಕನ್ನೂ, ಮೇ ತಿಂಗಳಲ್ಲಿ ಡಾಲ್ಡಾವನ್ನು ಯಾವ ಹೊತ್ತಿಗೆ ಕಡೆಯಬೇಕೆಂಬುದನ್ನೂ ಗ್ರಾಮಿನ ಲೆಕ್ಕದಲ್ಲಿ ಕೊಟ್ಟರೆ, ಪುಸ್ತಕ ಪಂಚಾಯಿತಿಯ ಗ್ರಂಥಾಲಯದಿಂದ ಹೊರಹೋದದ್ದು ಮರಳಿ ಬಾರದು. ಒಂದೇ ತೊಡಕೆಂದರೆ ಕೊಲೆಗಡುಕನನ್ನು ಕೊನೆಯ ಪುಟದ ತನಕ ಅಡಗಿಸುವುದು. ಭಟ್ಟಿಯ ಮುಂದೆ ಸಾಲಿನಲ್ಲಿ ನಿಂತ ನಮ್ಮ ಹೆಂಗಸರು ಅವನನ್ನು ಎರಡನೆಯ ಅಧ್ಯಾಯದಲ್ಲಿಯೇ ಹಿಡಿದು, ಅವನ ತಾಯಿಯ ತವರೂರಿನ ಸಮೇತ ಹೇಳಿಬಿಟ್ಟಿರುತ್ತಾರೆ.